ಇರುವೆ ಇಳಿಸಿ ಓಎಸ್ ಹಾಕಿದವರು

೧೯೯೩ರಲ್ಲಿ, ಒಂಬತ್ತನೇ ತರಗತಿಯ ಅರ್ಧ ವಾರ್ಷಿಕ ಪರೀಕ್ಷೆ ಮುಗಿದ ಮಾರನೇ ದಿನ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ. ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಹೊಡೆದಾದರೂ ಶಾಲೆಗೆ ಕಳಿಸಲು ಅಪ್ಪ ತಯಾರಿದ್ದರು. ಅರಕಲಗೂಡಿನಲ್ಲಿ ಒಬ್ಬರು ಸುಟ್ಟ ಮೋಟಾರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದನ್ನು ನೋಡಿದ್ದೆ. ಬೀಜಗಣಿತಕ್ಕಿಂತ ಇದು ಮೇಲು ಅನ್ನಿಸಿತು, ಹೋಗಿ ಅವರ ಪಕ್ಕ ಕೂತೆ. ಆರು ವರ್ಷ ಅಲ್ಲಿಂದ ಏಳಲಿಲ್ಲ. ಆಮೇಲೆ ಹೊಳೆನರಸೀಪುರದಲ್ಲಿ ಸ್ವಂತ ವೈಂಡಿಂಗ್ ಅಂಗಡಿ ತೆರೆದೆ. ಅವತ್ತಿನಿಂದ 'ಇದನ್ನು ಹೇಗೆ ಮಾಡೋದು' ಎಂದು ಯಾರ ಮುಂದೆಯೂ ಕೇಳಿದವನಲ್ಲ ನಾನು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆ ಹೆಮ್ಮೆ ಒಂದು ಸಲ ನನ್ನ ಇಪ್ಪತ್ತು ವರ್ಷದ ದುಡಿಮೆಯನ್ನು ನುಂಗುವುದರಲ್ಲಿತ್ತು. ನುಂಗದಂತೆ ನೋಡಿಕೊಂಡವರೊಬ್ಬರು ಈ ವರ್ಷ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಿದ್ದೇನೆ.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಮನೆ ಮುಂದೆ ಒಂದು ಬೋರ್ಡು ಹಾಕಿಸಿಕೊಳ್ಳದವರು, ಈಗ ನನ್ನಿಂದ ಹಾಕಿಸಿಕೊಳ್ಳುತ್ತಾರೆಯೇ? ನಮ್ಮ ಕಡೆ ಎಲ್ಲರೂ ಅವರನ್ನು ಲ್ಯಾಬ್ ಯಜಮಾನ್ರು ಅನ್ನುತ್ತಿದ್ದರು. ಹಾಸನದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬಿಗೆ ಅಟೆಂಡರಾಗಿದ್ದರು. ಊರು ಚನ್ನರಾಯಪಟ್ಟಣ. ಜೈನರ ಮನೆತನ. ರಿಟೈರಾದ ಮೇಲೆ ಒಂದು ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲೇ ಓಡಾಡುತ್ತ, ಹಾಸನ, ಅರಕಲಗೂಡು, ನಮ್ಮೂರು ಅಂತ ಕರೆದವರ ಮನೆಗೆಲ್ಲ ಹೋಗಿ ಕಂಪ್ಯೂಟರ್ ಸರಿ ಮಾಡಿ ಬರುತ್ತಿದ್ದರು. ಸಣಕಲು ಆಳು. ತುಂಬುತೋಳಿನ ಬಿಳಿ ಅಂಗಿ, ಮಣಿಕಟ್ಟಿನ ಗುಂಡಿಯೂ ಹಾಕಿರಬೇಕು. ಜೇಬಿನಲ್ಲಿ ಒಂದು ಪೆನ್ನು, ಒಂದು ಟೆಸ್ಟರು, ಮಕ್ಕಳು ಬಣ್ಣ ಹಚ್ಚುವಂಥ ಮೆತ್ತನೆಯ ಒಂದು ಬ್ರಷ್ಷು. ಬ್ರಷ್ಷು ಯಾಕೆ ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ.

"ಕಂಪ್ಯೂಟರ್ ಎಲ್ಲಿ ಕಲಿತ್ರಿ ಸಾ?" ಎಂದು ಒಂದು ಸಲ ಕೇಳಿದ್ದೆ.

"ಕಲೀಲಿಲ್ಲ. ಲ್ಯಾಬಿಗೆ ಮೊದಲ್ನೇದು ಬಂದಾಗ ಮೇಷ್ಟ್ರುಗಳು ಮುಟ್ಟೋಕೆ ಹೆದರ್ತಿದ್ರು. ಒರೆಸೋ ಕೆಲಸ ನಂದು. ಒರೆಸ್ತಾ ಒರೆಸ್ತಾ ಗೊತ್ತಾಯ್ತು," ಎಂದರು. "ನಾನೂ ಕಾಲೇಜ್ ನೋಡಿದೀನಿ ಕಣ್ರೀ, ಮೂವತ್ತು ವರ್ಷ. ಓದಿಲ್ಲ ಅಷ್ಟೆ."

ಆ ಮಾತಿಗೆ ನಾನು ಅವರ ಕಡೆಯವನಾಗಿಬಿಟ್ಟೆ.

ಮೊದಲ ಭೇಟಿ ನನ್ನ ಅಂಗಡಿಯಲ್ಲಿ. ಯಾರದೋ ಮನೆಯ ಸುಟ್ಟ ಎಕ್ಸಾಸ್ಟ್ ಫ್ಯಾನಿನ ಮೋಟಾರು ಹಿಡಿದು ಬಂದಿದ್ದರು. ಬಿಟ್ಟು ಹೋಗಿ, ಸಂಜೆ ಬನ್ನಿ ಅಂದೆ. ಹೋಗಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಕೈ ನೋಡುತ್ತಿದ್ದರು. ಮಾತಿಲ್ಲ, ಫೋನಿಲ್ಲ. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಸುಟ್ಟ ತಂತಿಯನ್ನು ಕತ್ತರಿಸಿ ಎಸೆಯುವ ಮುಂಚೆ ಅದು ಎಷ್ಟು ಸುತ್ತು ಇತ್ತು, ಎಷ್ಟು ದಪ್ಪ, ಎಲ್ಲಿಂದ ಎಲ್ಲಿಗೆ ಹೋಗಿತ್ತು ಎಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಕತ್ತರಿಸಿದ ಮೇಲೆ ಕೇಳಲು ಯಾರೂ ಇರುವುದಿಲ್ಲ. ಲೆಕ್ಕ ತಪ್ಪಿ ಸುತ್ತಿದ ಮೋಟಾರು ವಾರದಲ್ಲಿ ಮತ್ತೆ ಸುಟ್ಟು ಬಾಗಿಲಿಗೆ ಬರುತ್ತದೆ. ಬೈಗುಳ ಅದಕ್ಕಿಂತ ಮೊದಲೇ ಬರುತ್ತದೆ. ನಾನು ಎಣಿಸಿ, ಪುಸ್ತಕದಲ್ಲಿ ಬರೆದು, ಆಮೇಲೆ ಕತ್ತರಿ ಎತ್ತಿಕೊಂಡದ್ದನ್ನು ನೋಡಿ ಅವರು ಎದ್ದು ನಿಂತರು.

"ಇನ್ನು ಸಂಜೆ ಬರ್ತೀನಿ. ಕೈ ಗೊತ್ತಾಯ್ತು," ಎಂದರು.

ಸರ್ಟಿಫಿಕೇಟು ಅಂತ ನನಗೆ ಬದುಕಿನಲ್ಲಿ ಸಿಕ್ಕಿದ್ದು ಅದೊಂದೇ.

ಅವರ ಸ್ವಭಾವ ತಿಳಿಯಬೇಕಾದರೆ ಅರಕಲಗೂಡಿನ ಒಂದು ಪ್ರಸಂಗ ಹೇಳಬೇಕು. ಅಲ್ಲಿನ ಒಬ್ಬ ದೊಡ್ಡ ಮನುಷ್ಯರು, ಯಾರೆಂದು ಯಜಮಾನರು ಕೊನೆಯವರೆಗೂ ನನಗೆ ಹೇಳಲಿಲ್ಲ, ಕಂಪ್ಯೂಟರು ಸತ್ತೇ ಹೋಗಿದೆ ಎಂದು ಕರೆಸಿದರಂತೆ. ಚನ್ನರಾಯಪಟ್ಟಣದಿಂದ ಹಾಸನ, ಹಾಸನದಿಂದ ಅರಕಲಗೂಡು, ಎರಡು ಬಸ್ಸು ಹತ್ತಿ ಇವರು ಹೋದರು. ನೋಡಿದರೆ ಗೋಡೆಯ ಸ್ವಿಚ್ಚು ಆಫ್ ಆಗಿದೆ. ಆ ಮನುಷ್ಯರು ಪಕ್ಕದಲ್ಲೇ ನಿಂತಿದ್ದಾರೆ, ಅವರ ಹಿಂದೆ ಬೀಗರು ನಿಂತಿದ್ದಾರೆ. ಇವರು ಸ್ವಿಚ್ಚು ಮುಟ್ಟಲಿಲ್ಲ. ಡಬ್ಬ ಬಿಚ್ಚಿದರು, ಬಟ್ಟೆಯಿಂದ ಧೂಳು ಒರೆಸಿದರು, ಒಂದೆರಡು ವೈರು ಎಳೆದು ಮತ್ತೆ ಸಿಕ್ಕಿಸಿದರು, ಮುಚ್ಚಿದರು. ಅರ್ಧ ಗಂಟೆಯಾದ ಮೇಲೆ, ಕಾಫಿ ಬಂದು ಎಲ್ಲರೂ ಲೋಟದ ಕಡೆ ತಿರುಗಿದಾಗ, ಮೊಣಕೈಯಿಂದ ಸ್ವಿಚ್ಚು ಒತ್ತಿದರು.

"ಅಲ್ಲಾ ಸಾ, ಸ್ವಿಚ್ಚು ಆಕಿಲ್ಲ ಅಂತ ಒಂದ್ ಮಾತು ಏಳ್ಬುಟ್ಟು ಬರೋದಲ್ವಾ? ಅರ್ಧ ಗಂಟೆ ಉಳೀತಿತ್ತು."

"ನಂದು ಅರ್ಧ ಗಂಟೆ ಉಳೀತಿತ್ತು. ಅವರದ್ದು ಬೀಗರ ಮುಂದೆ ಮಾನ ವರ್ಷಗಟ್ಲೆ ಹೋಗ್ತಿತ್ತು."

ಈ ಮಾತನ್ನು ನಾನು ಅವತ್ತು ನಕ್ಕು ಮರೆತೆ. ನನ್ನ ಸರದಿ ಬರುತ್ತದೆಂದು ಗೊತ್ತಿರಲಿಲ್ಲ.

ಈಗ ನನ್ನ ಕಂಪ್ಯೂಟರಿನ ವಿಷಯ. ಇಪ್ಪತ್ತು ವರ್ಷ ಬರೆದ ಮೋಟಾರುಗಳ ಲೆಕ್ಕ ಹನ್ನೊಂದು ಉದ್ದ ನೋಟ್‌ಬುಕ್ಕಿನಲ್ಲಿತ್ತು. ನಮ್ಮ ಕಡೆಯ ತೋಟಗಳಲ್ಲಿ ಹೆಸರಿಲ್ಲದ, ನಂಬರ್ ಪ್ಲೇಟ್ ಉದುರಿದ, ಮೂರು ಊರಿನಲ್ಲಿ ಮೂರು ಥರ ಸುತ್ತಿಸಿಕೊಂಡು ಬಂದ ಮೋಟಾರುಗಳೇ ಹೆಚ್ಚು. ಅವುಗಳ ಸರಿಯಾದ ಲೆಕ್ಕ ಆ ಪುಸ್ತಕ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಇಲ್ಲ. ನನ್ನ ಹೆಂಡತಿ ಹಿರೀಸಾವೆಯವಳು, ಪಿಯುಸಿ ಓದಿದವಳು. ಮನೆಗೊಂದು ಕಂಪ್ಯೂಟರು ತಂದಾಗ, ಮಧ್ಯಾಹ್ನ ಹೊತ್ತು ಕೂತು ಎರಡು ವರ್ಷದಲ್ಲಿ ಹನ್ನೊಂದು ಪುಸ್ತಕವನ್ನೂ ಅದರೊಳಗೆ ಇಳಿಸಿದಳು. ನನ್ನ ಅಕ್ಷರ ಓದಿದ್ದಕ್ಕೇ ಅವಳಿಗೆ ಒಂದು ಡಿಗ್ರಿ ಕೊಡಬಹುದು. ಅದಾದ ಮೇಲೆ ಒಂದು ದಿನ ಅಂಗಡಿಯಲ್ಲಿ ವಾರ್ನಿಷ್ ಡಬ್ಬಿ ಉರುಳಿ ಹನ್ನೊಂದು ಪುಸ್ತಕವನ್ನೂ ನೆನೆಸಿತು. ವೈಂಡಿಂಗಿಗೆ ಹಾಕುವ ವಾರ್ನಿಷ್ ಒಣಗಿದರೆ ಕಲ್ಲು. ಪುಸ್ತಕಗಳೆಲ್ಲ ಅಂಟಿ ಒಂದೇ ಇಟ್ಟಿಗೆಯಾದವು. ಹೋಗಲಿ, ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಇಟ್ಟಿಗೆಯನ್ನು ಬಾಗಿಲಿಗೆ ಅಡ್ಡ ಇಟ್ಟೆ.

ಹೀಗೆ ಲೆಕ್ಕವೆಲ್ಲ ಒಂದೇ ಡಬ್ಬದಲ್ಲಿ ಉಳಿಯಿತು. ಡಬ್ಬ ವರ್ಷ ಕಳೆದಂತೆ ನಿಧಾನವಾಯಿತು. ಹಳೆಯ ಓಎಸ್ ತೆಗೆದು ಹೊಸದು ಹಾಕಿದರೆ ಓಡುತ್ತದೆ ಎಂದು ಫೋನಿನಲ್ಲಿ ವೀಡಿಯೋ ನೋಡಿದೆ. ಓಎಸ್ ಅಂದರೆ ಕಂಪ್ಯೂಟರಿನ ಮೇಸ್ತ್ರಿ. ಅವನು ಎದ್ದರೆ ಮಿಕ್ಕವರು ಏಳುತ್ತಾರೆ. ಯಜಮಾನರನ್ನು ಕರೆಯಿರಿ ಅಂದಳು ಹೆಂಡತಿ. ಹತ್ತು ಎಚ್‌ಪಿ ಮೋಟಾರು ಬಿಚ್ಚಿ ಕೂಡಿಸುವವನು ಒಂದು ಪೆನ್‌ಡ್ರೈವ್ ಸಿಕ್ಕಿಸಲಾರೆನೇ? ಒಂದು ಭಾನುವಾರ ಬೆಳಿಗ್ಗೆ ಶುರು ಮಾಡಿದೆ.

ನಲವತ್ತೆರಡು ಪರ್ಸೆಂಟಿಗೆ ನಿಂತಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಸರಿ ಎಂದು ಒತ್ತಿದೆ. ಮೊದಲಿಂದ ಶುರುವಾಯಿತು. ಇನ್ನೊಂದು ಸಲ ಇಪ್ಪತ್ತೇಳಕ್ಕೆ, ಮತ್ತೊಂದು ಸಲ ಮತ್ತೆ ನಲವತ್ತೆರಡಕ್ಕೆ ನಿಂತಿತು. ನಾಲ್ಕು ಸಲ ಆದ ಮೇಲೆ ಹಳೆಯದಾದರೂ ಸಾಕಪ್ಪ ಎಂದು ನೋಡಿದರೆ, ಹಳೆಯದೂ ಏಳುತ್ತಿಲ್ಲ. ಹಿರೀಸಾವೆಯ ಭಾವಮೈದನಿಗೆ ಫೋನ್ ಮಾಡಿದೆ. ಅವನಿಗೆ ಗೊತ್ತಿಲ್ಲದ್ದು ಲೋಕದಲ್ಲಿ ಇಲ್ಲ.

"ಭಾವ, ಡ್ರೈವ್‌ಗಳ ಲಿಸ್ಟ್ ಕಾಣ್ತಾ ಐತಾ? ಎಲ್ಲಾನೂ ಡಿಲೀಟ್ ಕೊಟ್ಬುಡಿ. ಸ್ಲೇಟ್ ಒರೆಸ್ದಂಗೆ. ಆಮೇಲೆ ಜುಮ್ಮಂತ ಕೂತ್ಕತದೆ."

"ಲೋ, ಅದ್ರೊಳಗೆ ಲೆಕ್ಕ ಐತೆ ಕಣ್ಲಾ."

"ಲೆಕ್ಕ ಎಲ್ ಓಯ್ತದೆ ಭಾವ, ಒಳಗೇ ಇರ್ತದೆ."

ಅವನ ಧೈರ್ಯ ನನಗೆ ಹಿಡಿಸಿತು. ಬಾಣದ ಗುರುತನ್ನು ಡಿಲೀಟ್ ಮೇಲೆ ತಂದು ನಿಲ್ಲಿಸಿದೆ. ಅಷ್ಟರಲ್ಲಿ ಹೆಂಡತಿ ಬಂದು ಮೌಸನ್ನೇ ಕೈಯಿಂದ ಕಿತ್ತುಕೊಂಡಳು.

"ಎರಡು ವರ್ಷ ಟೈಪ್ ಮಾಡಿದ್ದು ನಾನು. ಒತ್ತೋದು ನನ್ ತಮ್ಮ ಏಳ್ದ ಅಂತ ನೀವು. ಸುಮ್ಕೆ ಲ್ಯಾಬಣ್ಣಂಗೆ ಫೋನ್ ಮಾಡ್ರೀ."

ಮಾಡಿದೆ. ನಮಸ್ಕಾರ ಆದ ಮೇಲೆ ಅವರು ಕೇಳಿದ್ದು ಒಂದೇ.

"ಪರದೆ ಮೇಲೆ ಏನು ಬರ್ದಿದೆ, ಓದಿ."

"ಇಂಗ್ಲಿಷ್‌ನಲ್ಲೈತೆ ಸಾ."

"ಇಂಗ್ಲಿಷ್‌ನಲ್ಲೇ ಓದಿ."

"ಏನೋ ಎರರ್ ಅಂತೈತೆ."

"ಏನೋ ಅಂತ ಬರ್ದಿರಲ್ಲ. ಬರಲ್ಲ ಅಂದ್ರೆ ಒಂದೊಂದೇ ಅಕ್ಷರ ಹೇಳಿ. ನಂಗೂ ಅಷ್ಟು ಬರಲ್ಲ, ಬರ್ಕೊಳ್ಳೋಕೆ ಬರುತ್ತೆ."

ಹೆಂಡತಿಯ ಮುಂದೆ, ಒಂದನೇ ಕ್ಲಾಸಿನ ಹುಡುಗನ ಹಾಗೆ, ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಓದಿದೆ. ಆ ಕಡೆ ಅವರು ಬರೆದುಕೊಳ್ಳುವುದು ಕೇಳುತ್ತಿತ್ತು. ಬೇಕಾದ ಕಡತ ಸಿಗುತ್ತಿಲ್ಲ, ಇಲ್ಲವೇ ಕೆಟ್ಟಿದೆ ಎನ್ನುವುದು ಅದರ ಅರ್ಥವಂತೆ.

"ಇದನ್ನ ಎಷ್ಟು ಸಲ ನೋಡಿದ್ರಿ?"

"ನಾಕು ಸಲ."

"ಓದಿದ್ದು?"

"ಇದೇ ಮೊದಲು ಸಾ."

ಅವರು ನಗಲಿಲ್ಲ. "ಸುಟ್ಟ ಕಾಯಿಲು ಕತ್ತರಿಸೋಕೆ ಮುಂಚೆ ಎಣಿಸ್ತೀರಿ ತಾನೇ?"

"ಎಣಿಸ್ದೆ ಕತ್ತರಿ ಮುಟ್ಟಲ್ಲ ಸಾ."

"ಹಾಗಾದ್ರೆ ಡಿಲೀಟ್ ಮುಟ್ಟಬೇಡಿ. ಅದು ಕತ್ತರಿ. ಆಫ್ ಮಾಡಿ ಮಲಗಿ. ನಾಳೆ ಬರ್ತೀನಿ."

ಮಾರನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬಂದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟರು. ಚೀಲದಿಂದ ಬಿಳಿ ಕರವಸ್ತ್ರ ತೆಗೆದು ಮೇಜಿನ ಮೇಲೆ ಹಾಸಿದರು. ಬಿಚ್ಚಿದ ಸ್ಕ್ರೂ ಡಬ್ಬದ ಯಾವ ಮೂಲೆಯದೋ ಕರವಸ್ತ್ರದಲ್ಲೂ ಅದೇ ಮೂಲೆಯಲ್ಲಿ ಇಡುವುದು ಅವರ ಪದ್ಧತಿ. ಒಂದು ಗಂಟೆಯ ಕೆಲಸ ಇರಬಹುದು, ನಾಲ್ಕರ ಬಸ್ಸಿಗೆ ಹೋಗುತ್ತೇನೆ ಅಂದರು. ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ. ಅದಕ್ಕೇ ಎಲ್ಲಿದ್ದರೂ ನಾಲ್ಕರ ಬಸ್ಸು ತಪ್ಪಿಸುತ್ತಿರಲಿಲ್ಲ.

ಮೊದಲು ಅವರದೇ ಒಂದು ಪೆನ್‌ಡ್ರೈವ್ ಮುಂದಿನ ಕಿಂಡಿಗೆ ಹಾಕಿದರು. ಅದರಲ್ಲಿ ಬೇರೆ ಥರದ ಒಂದು ಓಎಸ್ ಇತ್ತು. ಒಳಗಿನ ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನ ಮೇಲೇ ಓಡಿ, ಒಳಗೇನಿದೆ ಎಂದು ತೋರಿಸುವಂಥದ್ದು. ಅದೂ ಅರ್ಧಕ್ಕೆ ನಿಂತಿತು. ಇನ್ನು ಮುಗಿಯಿತು ಅಂದುಕೊಂಡೆ ನಾನು. ಅವರ ಮುಖ ಅರಳಿತು.

"ನಿಮ್ಮ ಪೆನ್‌ಡ್ರೈವ್ ಬೇರೆ, ನಂದು ಬೇರೆ. ಅದರಲ್ಲಿರೋದು ಬೇರೆ, ಇದರಲ್ಲಿರೋದು ಬೇರೆ. ಎರಡೂ ದಾರೀಲಿ ನಿಂತವು. ಎರಡಕ್ಕೂ ಒಂದೇ ಆಗಿರೋದು ಯಾವುದು?"

"ನನ್ ಅಣೆಬರ ಸಾ."

"ಹಣೆಬರಕ್ಕಿಂತ ಮೊದಲು ಕಿಂಡಿ ನೋಡೋಣ."

ಹಾಗೆ ಅನ್ನುವುದಕ್ಕೂ, ಪೆನ್‌ಡ್ರೈವಿನ ಪಕ್ಕದಿಂದ ಒಂದು ಸಣ್ಣ ಕೆಂಪು ಇರುವೆ ಹೊರಗೆ ಬರುವುದಕ್ಕೂ ಸರಿಹೋಯಿತು. ಯಜಮಾನರು ಆ ಕ್ಷಣವೇ ವೈರು ಕಿತ್ತರು. ಡಬ್ಬ ಬಿಚ್ಚಿದರೆ, ಮುಂದಿನ ಮುಖವಾಡದ ಹಿಂದೆ ಒಂದು ಊರೇ ಇದೆ. ಬಿಳಿ ಮೊಟ್ಟೆಗಳ ರಾಶಿ, ಸಾಲು ಸಾಲು ಓಡಾಟ.

ಅಂಗಡಿಯಲ್ಲಿ ಮೋಟಾರಿನ ಧೂಳು ಊದುವ ದೊಡ್ಡ ಬ್ಲೋವರು ಇದೆಯಲ್ಲ, ಓಡಿ ಹೋಗಿ ತಂದೆ. "ಸರೀರಿ ಸಾ, ಎರಡು ನಿಮಿಷ. ಧೂಳು ಇಲ್ಲ, ಇರುವೆ ಇಲ್ಲ."

ಅವರು ಡಬ್ಬಕ್ಕೆ ಅಡ್ಡ ಕೈ ಹಿಡಿದರು. "ಅದರೊಳಗೆ ಸಂಸಾರ ಇದೆ."

"ಇರುವೆ ಸಾ ಅದು."

"ಇರುವೇದೇ ಸಂಸಾರ. ಬ್ಲೋವರ್ ಆಚೆ ಇಡಿ. ತಾಯಿ, ಒಂಚೂರು ಬೆಲ್ಲ ಕೊಡಿ. ಹಳೇ ಲಗ್ನಪತ್ರಿಕೆ ಇದ್ರೆ ಒಂದು ಕೊಡಿ."

ಹೆಂಡತಿ ಎರಡನ್ನೂ ತಂದಳು. ಲಗ್ನಪತ್ರಿಕೆಯನ್ನು ಡಬ್ಬದಿಂದ ಕಿಟಕಿಗೆ ಸೇತುವೆಯ ಹಾಗೆ ಇಟ್ಟರು. ಕಿಟಕಿಯಾಚೆ ದಾಸವಾಳದ ಗಿಡದ ಹತ್ತಿರ ಬೆಲ್ಲ ಇಟ್ಟರು. ಆಮೇಲೆ ಜೇಬಿನ ಬ್ರಷ್ಷು ತೆಗೆದರು. ಅದು ಯಾಕೆ ಅಂತ ನನಗೆ ಆಗ ತಿಳಿಯಿತು. ಒಂದೊಂದೇ ಇರುವೆಯನ್ನು ಬ್ರಷ್ಷಿನ ತುದಿಗೆ ಹತ್ತಿಸಿ, ಪತ್ರಿಕೆಯ ಮೇಲೆ ಇಳಿಸುತ್ತಾರೆ. ಎರಡು ಇಳಿಸಿದರೆ ಒಂದು ವಾಪಸು ಬರುತ್ತದೆ. ಅದನ್ನು ಮತ್ತೆ ಇಳಿಸುತ್ತಾರೆ. "ಮೊಟ್ಟೆ ಬಿಟ್ಟು ಹೋಗಲ್ಲ ಅವು. ಹೊತ್ಕೊಂಡು ಹೊರಡೋಕೆ ಟೈಮ್ ಬೇಕು," ಅನ್ನುತ್ತಾರೆ.

ನಾನು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಓಡಾಡಿದೆ. ಅಂಗಡಿಯಲ್ಲಿ ಮೂರು ಮೋಟಾರು ಕಾಯುತ್ತಿವೆ. ಅವುಗಳಲ್ಲಿ ಒಂದರ ಸುಟ್ಟ ತಂತಿಯನ್ನು ಮಾಲೀಕನೇ ಕಿತ್ತು ಗುಜರಿಗೆ ಹಾಕಿ, ಬರೀ ಕಬ್ಬಿಣ ತಂದಿದ್ದಾನೆ. ಹಿಂದೆ ನಾನೇ ಸುತ್ತಿದ್ದು, ಅದರ ಲೆಕ್ಕ ಈ ಡಬ್ಬದಲ್ಲಿದೆ.

"ಸಾ, ನನ್ ಲೆಕ್ಕ ಒಳಗೆ ಐತೋ ಇಲ್ವೋ, ಅದೊಂದಾದ್ರೂ ಏಳ್ಬುಡಿ."

"ಗೊತ್ತಿಲ್ಲ."

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ರಿಪೇರಿಯವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನೂ ಹೇಳಿದವನಲ್ಲ.

ಮೂರೂವರೆಗೆ ಕೊನೆಯ ಇರುವೆ ಇಳಿಯಿತು. ಆಮೇಲೆ ಕಿಂಡಿಯೊಳಕ್ಕೆ ಟಾರ್ಚು ಬಿಟ್ಟು, ಹಲ್ಲುಕಡ್ಡಿಯಿಂದ ಏನೋ ಕೆರೆದರು. ಕೆಂಪು ಹಕ್ಕಳೆ ಬಂತು. ಮೂಸಿದರು. ನನ್ನ ಮುಖ ನೋಡಿದರು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವರು ದನಿ ತಗ್ಗಿಸಿದರು.

"ಕುಂಕುಮ. ಯಾವುದ್ರಲ್ಲಿ ಕಲಸಿದ್ರಿ?"

"ಕಾಯ್ನೀರಲ್ಲಿ ಸಾ."

"ಯಾಕೆ?"

"ಆಯುಧಪೂಜೆ ದಿವ್ಸ ಮೋಟ್ರಿಗೆ ಒಣ ಕುಂಕುಮ ಒತ್ತಿದ್ರೆ ನಿಂತ್ಕತದೆ. ಕಬ್ಬಿಣ, ಗ್ರೀಸು ಇರ್ತದಲ್ಲ. ಇದು ಪ್ಲಾಸ್ಟಿಕ್ಕು, ಉದುರೋಯ್ತದೆ. ಅದಕ್ಕೆ ಒಡೆದ ಕಾಯ್ದೇ ನೀರಲ್ಲಿ ಕಲಸಿ ಬಳ್ದೆ."

ಮುಂದಿನ ಎರಡು ಕಿಂಡಿ ಎರಡು ಕಣ್ಣಿನಂತೆ ಕಾಣುತ್ತವೆ. ಕಣ್ಣಿನ ಮಧ್ಯೆ ಬೊಟ್ಟು ಇಡಬೇಕಲ್ಲವೇ? ಧಾರಾಳವಾಗಿಯೇ ಇಟ್ಟಿದ್ದೆ. ಅದು ಇಳಿದು ಕಿಂಡಿ ಸೇರಿ, ಒಣಗಿ ತಗಡಿಗೆ ಅಂಟಿದೆ. ಕಾಯಿನೀರಿನ ಸಿಹಿಗೆ ಇರುವೆ ಬಂದಿದೆ. ಪೆನ್‌ಡ್ರೈವ್ ಒಂದು ಗಳಿಗೆ ತಗುಲಿ ಒಂದು ಗಳಿಗೆ ಬಿಟ್ಟು, ಓಎಸ್ ಅರ್ಧ ದಾರಿಯಲ್ಲಿ ನಿಲ್ಲುತ್ತಿದೆ.

"ಎಷ್ಟು ವರ್ಷದಿಂದ?"

"ನಾಕು ಆಯುಧಪೂಜೆ ಆಯ್ತು."

ಯಜಮಾನರು ಹಲ್ಲುಕಡ್ಡಿ ಒರೆಸಿಟ್ಟರು. "ಕಾರಣ ಸರಿಯಾಗೇ ಇದೆ," ಎಂದರು.

ನಾಲ್ಕರ ಬಸ್ಸಿನ ಹಾರ್ನು ದೂರದಲ್ಲಿ ಕೇಳಿತು. ಅವರು ಕತ್ತೆತ್ತಲಿಲ್ಲ. ತಮ್ಮ ಪೆನ್‌ಡ್ರೈವನ್ನು ಹಿಂದಿನ ಕಿಂಡಿಗೆ ಹಾಕಿದರು. ಈ ಸಲ ನಿಲ್ಲದೆ ಪರದೆ ಎದ್ದಿತು. ಹೆಂಡತಿಯೂ ಬಂದು ನಿಂತಳು. ಅವಳು ಕಡತ ಇಟ್ಟಿದ್ದ ಜಾಗ ತೆರೆದರು. ಖಾಲಿ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅವರು ಅಲ್ಲಿಂದ ಹೊರಬಂದು, ಇನ್ನೊಂದು ಬಾಗಿಲು, ಮತ್ತೊಂದು ಬಾಗಿಲು ತೆರೆಯುತ್ತ ಹೋದರು. ಹೊಸ ಓಎಸ್ ಬರುವಾಗ ಹಳೆಯ ಮನೆಯ ಸಾಮಾನನ್ನೆಲ್ಲ ಒಂದು ಕೋಣೆಗೆ ದಬ್ಬಿರುತ್ತದಂತೆ. ಆ ಕೋಣೆ ಸಿಕ್ಕಿತು. ಅದರೊಳಗೆ ಅವಳ ಹೆಸರು. ಅದರೊಳಗೆ ಅವಳ ಕಡತ.

"ಐತೆ ಕಣ್ರೀ," ಎಂದಳು. ಅಷ್ಟೇ ಹೇಳಿದ್ದು. ಕುರ್ಚಿಯ ಮೇಲೆ ಕೂತುಬಿಟ್ಟಳು.

ತೆರೆದು ನೋಡಿದೆ. ಐದು ಎಚ್‌ಪಿ ಮೋಟಾರು, ಸುತ್ತು ನಲವತ್ತೆರಡು, ಜೋಡಿ ತಂತಿ. ನಾನು ಅಂಗಡಿ ತೆರೆದ ವಾರ ಸುತ್ತಿದ್ದು. ಸ್ವಂತ ಕೈಬರಹ ನೋಡಿದಷ್ಟೇ ಸಂತೋಷವಾಯಿತು. ಹಿಂದಿನ ದಿನ ಡಿಲೀಟ್ ಒತ್ತಿದ್ದರೆ ಆ ಕೋಣೆಯೂ ಹೋಗುತ್ತಿತ್ತು ಅಂದರು. ಭಾವಮೈದನಿಗೆ ಈ ವಿಷಯ ತಿಳಿಸಿದಾಗ ಅವನು, "ನಾನ್ ಏಳಿರ್ಲಿಲ್ವಾ ಭಾವ, ಒಳಗೇ ಇರ್ತದೆ ಅಂತ," ಎಂದ.

ಮೊದಲು ಎರಡು ಪೆನ್‌ಡ್ರೈವಿಗೆ ಪ್ರತಿ ತೆಗೆದರು. ಪ್ರತಿ ತೆರೆಯುತ್ತದೋ ಇಲ್ಲವೋ ಎಂದು ಅವಳ ಕೈಯಲ್ಲೇ ತೆರೆಸಿ ನೋಡಿದರು. ಹೊಸ ಓಎಸ್ ಹಾಕಲು ಶುರು ಮಾಡಿದ್ದು ಅದೆಲ್ಲ ಆದ ಮೇಲೆಯೇ. ಆಗ ಗಂಟೆ ಐದು. ಹೆಂಡತಿಗೆ ಚಿಂತೆ ಹತ್ತಿತು.

"ಅಣ್ಣ, ಒತ್ತು ಮುಳುಗಿದ್ರೆ ನೀವು ಊಟ ಮಾಡಲ್ಲ. ಈರುಳ್ಳಿ ಆಕಲ್ಲ, ಸುಂಠಿ ಆಕಲ್ಲ, ಗೆಡ್ಡೆ ಒಂದೂ ಆಕಲ್ಲ. ಅವರೆಕಾಳು ಉಪ್ಪಿಟ್ಟು ಮಾಡ್ಲಾ?"

ಅವರು ಯಾರ ಮನೆಯಲ್ಲೂ ತಿಂದದ್ದು ನಾನು ಕೇಳಿರಲಿಲ್ಲ. ಅವತ್ತು ಆಚೆ ಬಿಸಿಲು ಎಷ್ಟಿದೆ ಎಂದು ನೋಡಿ, "ಮಾಡಮ್ಮ," ಎಂದರು.

ಆಮೇಲಿನ ಒಂದು ಗಂಟೆ ನಮ್ಮ ಮನೆಯಲ್ಲಿ ಮೂರು ಓಟ ನಡೆಯಿತು. ಪರದೆಯ ಮೇಲೆ ಪರ್ಸೆಂಟು ಏರುತ್ತಿದೆ, ಒಲೆಯ ಮೇಲೆ ಅವರೆಕಾಳು ಬೇಯುತ್ತಿದೆ, ಆಚೆ ಸೂರ್ಯ ಇಳಿಯುತ್ತಿದ್ದಾನೆ. ನಾನು ಬಾಗಿಲಿಗೆ ಹೋಗಿ ಸೂರ್ಯನನ್ನು ನೋಡಿ ಬಂದು ಹೆಂಡತಿಗೆ ಹೇಳುತ್ತೇನೆ, ಅಲ್ಲಿಂದ ಪರದೆಗೆ ಓಡುತ್ತೇನೆ. ಉಪ್ಪಿಟ್ಟು ಗೆದ್ದಿತು. ಅವರು ನೆಲದ ಮೇಲೆ ಕೂತು ತಟ್ಟೆಗೆ ಕೈ ಹಾಕಿದರು. ಪರದೆಯಲ್ಲಿ ನಲವತ್ತು.

"ಸಾ, ನಲವತ್ತೊಂದು."

ತಿನ್ನುತ್ತಿದ್ದಾರೆ.

"ಸಾ, ನಲವತ್ತೆರಡಕ್ಕೆ ನಿಂತದೆ."

"ಊಟ ಮಾಡೋವಾಗ ನಾನು ಅದನ್ನ ನೋಡಲ್ಲ. ನೀವೂ ನೋಡಬೇಡಿ. ನೋಡಿದ್ರೆ ಬೇಗ ಆಗಲ್ಲ. ಕಾಳು ಚೆನ್ನಾಗಿ ಬೆಂದಿದೆ ಕಣಮ್ಮ."

ಅವರು ಕೈ ತೊಳೆದು ಬರುವಷ್ಟರಲ್ಲಿ ಅರವತ್ತೊಂದು ಆಗಿತ್ತು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಹೊಸ ಓಎಸ್ ನಮಸ್ಕಾರ ಹೇಳಿತು.

"ಏನಾಗಿತ್ತಣ್ಣ ಇದಕ್ಕೆ?" ಎಂದು ಹೆಂಡತಿ ಕೇಳಿದಳು.

"ಇರುವೆ ಗೂಡು ಕಟ್ಟಿತ್ತಮ್ಮ. ಕಿಂಡಿಗೆ ಕಸ ಸೇರಿತ್ತು. ಬಿಡಿಸಿದ್ದಾಯ್ತು."

ಒಂದಕ್ಷರ ಸುಳ್ಳಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಅವರ ಚೀಲ ಹಿಡಿದು ನಡೆದೆ. ದಾರಿಯಲ್ಲಿ ತಡೆಯಲಾಗದೆ ಕೇಳಿದೆ: "ಕುಂಕುಮದ ಇಸ್ಯ ಅವಳಿಗೆ ಯಾಕೆ ಏಳ್ಲಿಲ್ಲ ಸಾ?"

"ಕೇಳಿದ್ರೆ ಹೇಳ್ತಿದ್ದೆ. ಯಾರು ಹಚ್ಚಿದ್ದು ಅಂತ ಆಯಮ್ಮ ಕೇಳ್ಲಿಲ್ಲ." ಬಸ್ಸು ಹತ್ತಿ ಕಿಟಕಿಯಿಂದ ಮತ್ತೆ ಕರೆದರು. "ಪೂಜೆ ಬಿಡಬೇಡಿ. ಮುಂದಿನ ಸಲ ಮೇಲ್ಗಡೆ ತಗಡಿಗೆ ಇಡಿ. ತಗಡಿಗೆ ಒಣದೂ ನಿಲ್ಲುತ್ತೆ."

ನಾನೂ ಹೆಂಡತಿಗೆ ಇದುವರೆಗೆ ಹೇಳಿಲ್ಲ. ಇದನ್ನು ಟೈಪ್ ಮಾಡುವವಳು ಅವಳೇ ಆದ್ದರಿಂದ ಈಗ ಈ ಸಾಲಿಗೆ ಬಂದಾಗ ತಿಳಿಯುತ್ತದೆ. ಏನಂತಾಳೋ ನೋಡಬೇಕು.

ಆಮೇಲೂ ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದರು. ಬಂದಾಗೆಲ್ಲ ಒಂದೇ ಪ್ರಶ್ನೆ: "ಪ್ರತಿ ಎಲ್ಲೆಲ್ಲಿದೆ?" ಎರಡೂ ಮನೆಯಲ್ಲೇ ಇದೆ ಸಾ ಅಂದರೆ, "ಒಂದೇ ಮನೇಲಿ ಎರಡಿದ್ರೆ ಒಂದೇ ಲೆಕ್ಕ," ಅನ್ನುತ್ತಿದ್ದರು. ಕೊನೆಗೆ ಒಂದನ್ನು ಹಿರೀಸಾವೆಯ ಭಾವಮೈದನ ಮನೆಯಲ್ಲಿ ಇಟ್ಟೆ, ಇನ್ನೊಂದನ್ನು ಅವರೇ ತಮ್ಮ ಮನೆಯಲ್ಲಿ ಇಟ್ಟುಕೊಂಡರು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಚನ್ನರಾಯಪಟ್ಟಣಕ್ಕೆ ಹೋದೆ. ಅವರ ಹೆಂಡತಿ, ವಯಸ್ಸಾದವರು, ಮಾತಾಡಿಸಿ ಮಜ್ಜಿಗೆ ಕೊಟ್ಟು, ಹೊರಡುವಾಗ ತಡೆದು ಹೇಳಿದರು:

"ಒಂದು ಕಂಪ್ಯೂಟರ್ ಬಿಚ್ಚಿಟ್ಟಿದ್ದು ಹಾಗೇ ಇದೆಯಪ್ಪ. ಹಾಸನದ ಒಬ್ಬ ಟೀಚರಮ್ಮಂದು. ದಿನಾ ಫೋನ್ ಮಾಡಿ ಸಮಾಧಾನ ಹೇಳ್ತಾರೆ, ಪಾಪ, ಅದನ್ನ ಮಾತ್ರ ಕೇಳಲ್ಲ. ಮುಟ್ಟೋಕೆ ನಮಗೆ ಭಯ."

ಒಳಗೆ ಹೋದೆ. ಮೇಜಿನ ಮೇಲೆ ಡಬ್ಬ ತೆರೆದು ಮಲಗಿತ್ತು. ಪಕ್ಕದಲ್ಲಿ ಬಿಳಿ ಕರವಸ್ತ್ರ, ಅದರ ಮೇಲೆ ಎಂಟು ಸ್ಕ್ರೂ, ಎಂಟೂ ತಂತಮ್ಮ ಮೂಲೆಯಲ್ಲಿ. ಒಂದು ಚೀಟಿಯಲ್ಲಿ ಪರದೆಯ ಇಂಗ್ಲಿಷ್ ಮಾತನ್ನು ಅಕ್ಷರ ಬಿಡದೆ ಬರೆದಿದ್ದರು. ಕೆಳಗೆ ಕನ್ನಡದಲ್ಲಿ: 'ಪ್ರತಿ ತೆಗೆದಾಗಿದೆ. ತೆರೆದು ನೋಡಿದ್ದೇನೆ. ಹಿಂದಿನ ಕಿಂಡಿಯಿಂದ ಹಾಕುವುದು.'

ನನಗೆ ಬರುತ್ತದೆ ಅಂತಲೂ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. "ಗೊತ್ತಿಲ್ಲ ತಾಯಿ, ನೋಡ್ತೀನಿ," ಎಂದು ಕೂತೆ. ಚಪ್ಪಲಿ ಮೊದಲೇ ಬಿಟ್ಟಿದ್ದೆ. ವೈರು ಸಿಕ್ಕಿಸುವ ಮುಂಚೆ ಒಳಗೆಲ್ಲ ಟಾರ್ಚು ಬಿಟ್ಟು ನೋಡಿದೆ. ಫ್ಯಾನಿನ ಹಿಂದೆ ಒಂದು ಜೇಡ ಇತ್ತು. ಅವರ ಬ್ರಷ್ಷು ಚೀಟಿಯ ಹತ್ತಿರವೇ ಇತ್ತು. ಜೇಡ ಬೇಗ ಹತ್ತಲಿಲ್ಲ, ನಾನೂ ಅವಸರ ಮಾಡಲಿಲ್ಲ. ಕಿಟಕಿಯಾಚೆ ಬಿಟ್ಟು ಬಂದೆ. ಸ್ಕ್ರೂಗಳನ್ನು ಕರವಸ್ತ್ರ ಹೇಳಿದ ಹಾಗೆ ಹಾಕಿದೆ. ಅಲ್ಲೇ ಇದ್ದ ಅವರ ಓಎಸ್ ಪೆನ್‌ಡ್ರೈವನ್ನು ಹಿಂದಿನ ಕಿಂಡಿಗೆ ಸಿಕ್ಕಿಸಿದೆ, ಎಲ್ಲಿಯೂ ನಿಲ್ಲದೆ ಓಎಸ್ ಕೂತಿತು. ನಲವತ್ತೆರಡು ಪರ್ಸೆಂಟು ಬಂದಾಗ ನಾನು ಪರದೆ ನೋಡುತ್ತಿರಲಿಲ್ಲ, ಮಜ್ಜಿಗೆ ಲೋಟ ತೊಳೆಯುತ್ತಿದ್ದೆ.

ಬ್ರಷ್ಷು ನೀನೇ ಇಟ್ಟುಕೋ ಅಂದರು ಆ ತಾಯಿ. ನನ್ನ ಲೆಕ್ಕದ ಪ್ರತಿಯಿದ್ದ ಪೆನ್‌ಡ್ರೈವನ್ನೂ ಕೊಡಲು ಬಂದರು. ಅದು ಇಲ್ಲೇ ಇರಲಿ ಅಂದೆ.

ಈಗ ನನ್ನ ಹತ್ತಿರ ಇರುವುದು: ಒಂದು ಅಂಗಡಿ, ಸುತ್ತುವ ಸ್ಟ್ಯಾಂಡು ಎರಡು, ಮೇಲ್ಗಡೆ ತಗಡಿಗೆ ಒಣ ಕುಂಕುಮ ಇಟ್ಟ ಒಂದು ಕಂಪ್ಯೂಟರು, ಅದರಲ್ಲಿ ಎರಡು ಸಾವಿರದ ನೂರ ಹದಿನಾರು ಮೋಟಾರುಗಳ ಲೆಕ್ಕ, ಆ ಲೆಕ್ಕಕ್ಕೆ ಬೇರೆ ಎರಡು ಊರಿನಲ್ಲಿ ಎರಡು ಪ್ರತಿ, ಬಾಗಿಲಿಗೆ ಅಡ್ಡ ಒಂದು ಇಟ್ಟಿಗೆ, ಜೇಬಿನಲ್ಲಿ ಒಂದು ಬ್ರಷ್ಷು.